ಸೊಣ್ಣಪ್ಪನವರ ಹಸಿಜೋಳದ ವ್ರತ

ದೇವರಾಯಸಮುದ್ರದ ಸೊಣ್ಣಪ್ಪನವರು ಈ ಲೋಕದಲ್ಲಿ ನಂಬಿದ್ದು ಎರಡನ್ನೇ: ಕುರುಡುಮಲೆಯ ಗಣಪತಿಯನ್ನು ಮತ್ತು ಹೆಂಡತಿ ಬೈರಮ್ಮನ ಕೈಯನ್ನು. ಉಳಿದುದೆಲ್ಲದರ ಮೇಲೂ ಅವರಿಗೆ ಅನುಮಾನ. ಅಂಗಡಿಯ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸದೆ ಕೊಳ್ಳುತ್ತಿರಲಿಲ್ಲ. ಮದುವೆ ಮನೆಯ ಪಾಯಸವನ್ನು ಮೂಸಿ ನೋಡದೆ ಬಾಯಿಗಿಡುತ್ತಿರಲಿಲ್ಲ. ಮನೆಗೆ ಬಂದು ಬೈರಮ್ಮ ಇಕ್ಕಿದ ಮುದ್ದೆಯ ಮುಂದೆ ಕುಳಿತಾಗ ಮಾತ್ರ ಆ ಮೂಗು ವಿಶ್ರಾಂತಿ ಪಡೆಯುತ್ತಿತ್ತು. ಒಂದಿಷ್ಟು ರಾಗಿ, ಹಿಪ್ಪುನೇರಳೆ, ಎರಡು ಸೀಮೆಹಸು, ಸಂಜೆಯಾದರೆ ಭಜನೆ: ದೇವರು ಕೊಟ್ಟ ಈ ಬಾಳಿನಲ್ಲಿ ಅವರಿಗಿದ್ದ ಕೊರತೆ ಮಂಡಿನೋವೊಂದೇ.

ಆ ಮಂಡಿನೋವೇ ಅವರನ್ನು ಕೋಲಾರದ ಆರೋಗ್ಯ ಶಿಬಿರವೊಂದಕ್ಕೆ ಎಳೆದೊಯ್ದಿತು. ಬೆಂಕಿ ಮುಟ್ಟಿದ ಅನ್ನ ಸತ್ತ ಅನ್ನ, ಹಸಿಯದೇ ಜೀವಂತ ಆಹಾರ ಎಂದು ಅಲ್ಲಿ ಒಬ್ಬರು ಉಪನ್ಯಾಸ ಮಾಡಿದರು. ಸೊಣ್ಣಪ್ಪನವರಿಗೆ ಆ ಉಪನ್ಯಾಸಕರ ಮೇಲೂ ಅನುಮಾನ ಬಂತು. ಆದರೆ ಮಂಡಿನೋವು ಅನುಮಾನಕ್ಕಿಂತ ದೊಡ್ಡದು. ಹಿಂತಿರುಗುವಾಗ ನೇರ ಕುರುಡುಮಲೆಗೆ ಹೋಗಿ, ಮುಂದಿನ ಸಂಕಷ್ಟಹರ ಚತುರ್ಥಿಯವರೆಗೆ ಬೆಂಕಿ ಕಂಡ ಯಾವುದನ್ನೂ ತಿನ್ನುವುದಿಲ್ಲವೆಂದು ಸ್ವಾಮಿಯ ಎದುರು ಕೈಮುಗಿದು ಬಂದುಬಿಟ್ಟರು.

ಬೈರಮ್ಮ ಕೇಳಿ ಸುಮ್ಮನಿರಲಿಲ್ಲ. “ಹಂಗಾದ್ರೆ ಇಷ್ಟು ವರ್ಷ ನಾನು ಇಕ್ಕಿದ್ ಮುದ್ದೆ ಹೆಣಾನೇನ್ರೀ?”

“ನಿನ್ನನ್ನ ಯಾರಂದ್ರೇ? ಬೆಂಕೀನ ಅಂದಿದ್ದು.”

“ಬೆಂಕಿ ಹಚ್ಚೋಳು ನಾನೇ ತಾನೆ!”

ಹಸುಗಳಿಗಾಗಿ ಹೊಲದ ಅಂಚಿನಲ್ಲಿ ಹಾಕಿದ್ದ ಮುಸುಕಿನ ಜೋಳ ಆಗಷ್ಟೇ ಹಾಲುಗಾಳು ಕಟ್ಟಿತ್ತು. ಸೊಣ್ಣಪ್ಪನವರು ಅದನ್ನೇ ಹಿಡಿದರು. ಸೃಷ್ಟಿಕರ್ತನ ಕರುಣೆಯನ್ನು ನಾಲಿಗೆಯಿಂದ ಅರಿಯಬೇಕೆನ್ನುವವರು ಎಳೆಯ ತೆನೆಯೊಂದನ್ನು ಗಿಡದಿಂದ ಮುರಿದು ಅಲ್ಲೇ ಕಚ್ಚಬೇಕು! ಮೊದಮೊದಲು ಹೊಟ್ಟೆಯೂ ಹಗುರ, ಮನಸ್ಸೂ ಹಗುರ. ಆದರೆ ತೆನೆ ಯಾರ ವ್ರತಕ್ಕೂ ಕಾಯುವುದಿಲ್ಲ. ದಿನದಿನಕ್ಕೂ ಬಲಿಯಿತು, ಕಾಳಿನ ಸಿಪ್ಪೆ ಗಟ್ಟಿಯಾಯಿತು. ಸೊಣ್ಣಪ್ಪನವರ ದವಡೆಹಲ್ಲುಗಳೋ ಎಂದೋ ಉದುರಿಹೋಗಿದ್ದವು. ಅರ್ಧ ಅಗಿದು, ಅರ್ಧ ನುಂಗಿ, ವ್ರತ ನಡೆಸಿದರು.

ಹೊಟ್ಟೆ ಉಬ್ಬಿತು. ಒಳಗೆಲ್ಲಾ ಗುಡುಗುಡು ಸದ್ದು, ಮೇಲೆ ತೇಗು, ಕಾಲಿನಲ್ಲಿ ತ್ರಾಣವಿಲ್ಲ. ಭಜನೆಯಲ್ಲಿ ಪಲ್ಲವಿ ಎತ್ತುವ ಮೊದಲೇ ತೇಗು ಬಂದಾಗ, ತಬಲಾ ಬಾರಿಸುವ ಆಂಜಿನಪ್ಪ, “ಏನ್ಲಾ ಸೊಣ್ಣಾ, ತಬಲಾ ನಂದು, ಸದ್ದು ನಿಂದಾ?” ಎಂದು ಎಲ್ಲರನ್ನೂ ನಗಿಸಿದ.

ಸೊಣ್ಣಪ್ಪನವರು ನಗಲಿಲ್ಲ. ಸ್ವಾಮಿಯ ಹೆಸರಿನಲ್ಲಿ ತಿನ್ನುವ ಜೋಳ ಕೆಡುಕು ಮಾಡೀತೆ? ಇಲ್ಲ. ಹಾಗಾದರೆ ಕೆಡುಕು ಜೋಳಕ್ಕೆ ಹೊರಗಿನಿಂದ ಬಂದಿರಬೇಕು. ತೆನೆ ತೊಳೆದು ಕೊಡುವವಳು ಯಾರು? ವ್ರತ ಮುರಿಯಲಿ ಎಂದು ಕಾಯುತ್ತಿರುವವಳು ಯಾರು? ನಿನ್ನೆ ಅಡುಗೆಮನೆಯಲ್ಲಿ ಸೋಡಾಪುಡಿಯ ಪೊಟ್ಟಣವನ್ನು ಸರಕ್ಕನೆ ಡಬ್ಬಿಗೆ ಹಾಕಿದವಳು ಯಾರು? ಅಯ್ಯೋ, ಅನುಮಾನವೆಂಬ ಪಿಶಾಚಿ ಕೊನೆಗೆ ಮನುಷ್ಯನ ಊಟದೆಲೆಯ ಮೇಲೇ ಬಂದು ಕೂರುತ್ತದೆ!

ಅಂದಿನಿಂದ ತೆನೆಗಳನ್ನು ತಾವೇ ಮುರಿದು, ತಾವೇ ತೊಳೆದು, ಹಳೆಯ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಉಡಿದಾರಕ್ಕೆ ಸೇರಿತು. ಅದೂ ಸಾಲದೆಂದು ಬೀಗದ ಮೇಲೆ ತೆಳ್ಳಗೆ ವಿಭೂತಿ ಸವರಿದರು. ಯಾರು ಮುಟ್ಟಿದರೂ ಬೆರಳ ಗುರುತು ಮೂಡಬೇಕು.

“ನನ್ ಕೈ ನೀರೂ ಬ್ಯಾಡ್ವಾ?” ಎಂದಳು ಬೈರಮ್ಮ.

“ವ್ರತ ಕಣೇ.”

“ಸರಿ. ಬೆಳಿಗ್ಗೆ ರಾಯಲ್ಪಾಡಿಗೆ ಹೋಗ್ತೀನಿ, ನಮ್ಮಕ್ಕನ ಮನೆಗೆ. ನನ್ ಕೈ ಬೇಡ ಅಂದ್ಮೇಲೆ ಇಲ್ಲಿ ನನಗೇನ್ ಕೆಲಸ?”

ತಪ್ಪು ಮಾಡದವಳು ಓಡಿಹೋಗುತ್ತಾಳೆಯೇ ಎಂದು ಸೊಣ್ಣಪ್ಪನವರ ಮನಸ್ಸು ಅದಕ್ಕೂ ಒಂದು ಅರ್ಥ ಕಟ್ಟಿತು. ಆದರೆ ಬೆಳಿಗ್ಗೆ ಎದ್ದು ನೋಡಿದರೆ ವಿಭೂತಿ ಸವರಿದಂತೆಯೇ ಇತ್ತು; ಹೊಟ್ಟೆಯೂ ಉಬ್ಬಿದಂತೆಯೇ ಇತ್ತು.

ಬಟ್ಟೆಯ ಚೀಲವನ್ನು ಬಾಗಿಲ ಬಳಿ ಇಟ್ಟು, ಹೊರಡುವ ಮುನ್ನ ಕೊಟ್ಟಿಗೆ ಗುಡಿಸಲು ಹೋಗಿದ್ದ ಬೈರಮ್ಮ ಅಲ್ಲಿಂದಲೇ ಕೂಗಿದಳು. “ಇಲ್ಲಿ ಬಂದು ನೋಡ್ರೀ, ಸೆಗಣಿ ತುಂಬಾ ಜೋಳದ ಕಾಳು!”

ಹಸುವಿನ ವಿಷಯದಲ್ಲಿ ಸೊಣ್ಣಪ್ಪನವರು ಊರಿಗೇ ಬುದ್ಧಿ ಹೇಳುವವರು. ಬಂದವರೇ ಸಿಡುಕಿದರು. “ಕಾಳು ಒಡೆಸದೇ ಹಾಕಿದ್ಯಾ?”

“ಮಿಲ್ಲಿನ ಮೋಟಾರು ಸುಟ್ಟೋಗಿದೆ. ಇಡೀ ಕಾಳೇ ಹಾಕ್ದೆ.”

“ಅಷ್ಟೂ ಗೊತ್ತಾಗಲ್ವೇನೇ? ಸಿಪ್ಪೆ ಒಡೀದಿದ್ರೆ ಒಳಗಿನ ಸತ್ವ ಮೈಗೆಲ್ಲಿ ಹತ್ತುತ್ತೆ? ಹೋದಂಗೇ ಆಚೆ ಬರುತ್ತೆ. ಹೊಟ್ಟೆ ಉಬ್ಬರಿಸ್ಕೊಂಡು, ನಿತ್ರಾಣ ಆಗಿ...”

ಮಾತು ಅಲ್ಲೇ ನಿಂತಿತು. ತಂಬಿಗೆ ಹಿಡಿದು ಹೊಲದ ಕಡೆ ಹೋದಾಗ ಕೆಲವು ದಿನಗಳಿಂದ ತಾವೇ ಕಂಡು, ಯಾರಿಗೂ ಹೇಳಲಾಗದೆ ಮುಚ್ಚಿಟ್ಟುಕೊಂಡಿದ್ದ ಸಂಗತಿ ಎದುರಿಗೇ ಬಿದ್ದಿತ್ತು.

ಬೈರಮ್ಮ ಗಂಡನ ಮುಖ ನೋಡಿದಳು, ಹೊಟ್ಟೆಯನ್ನೂ ನೋಡಿದಳು. “ಹಸುಗೆ ನಾಲ್ಕು ಹೊಟ್ಟೆ ಇದ್ದೇ ಹಿಂಗೆ. ನಿಮಗೆಷ್ಟಿದಾವ್ರೀ?”

ಸೊಣ್ಣಪ್ಪನವರು ಒಳಗೆ ಬಂದು ಪೆಟ್ಟಿಗೆಯ ಬೀಗ ತೆಗೆದರು. ಹಿಂದೆಯೇ ಬಂದ ಬೈರಮ್ಮ ಅವರ ಬೆರಳಿಗಂಟಿದ ಬೂದಿಯನ್ನು ಕಂಡಳು.

“ಬೀಗಕ್ಕ್ಯಾಕೆ ವಿಭೂತಿ?” ಎಂದವಳು, ಕೇಳುತ್ತಲೇ ಅರ್ಥ ಮಾಡಿಕೊಂಡಳು. “ನನ್ ಮೇಲಾ?”

“ಹೂಂ” ಎಂದರು ಸೊಣ್ಣಪ್ಪನವರು. ಸ್ವಾಮಿಯ ಬೂದಿಯನ್ನು ಕಾವಲಿಗಿಟ್ಟ ಕೈಯನ್ನು ಹಣೆಗೆ ಒತ್ತಿಕೊಂಡರು. “ತಪ್ಪಾಯ್ತು ಕಣೇ.”

ಅವಳು ಬಾಗಿಲ ಬಳಿಯ ಚೀಲವನ್ನೊಮ್ಮೆ ನೋಡಿದಳು. ಆಮೇಲೆ ಪೆಟ್ಟಿಗೆಯ ಮುಂದೆ ಕುಳಿತು, ಉಗುರಿನಿಂದ ಕಾಳು ಚುಚ್ಚಿ, ಹಾಲು ಜಿನುಗಿದ ತೆನೆಗಳನ್ನು ಮಾತ್ರ ಆರಿಸಿಕೊಂಡಳು. ಬಲಿತವನ್ನು ಹಸುವಿಗೆಂದು ಬದಿಗಿಟ್ಟಳು. ಕಾಳು ಬಿಡಿಸಿ ಒರಳಿಗೆ ಹಾಕಿ, ಸಿಪ್ಪೆ ಉಳಿಯದಂತೆ ನುಣ್ಣಗೆ ರುಬ್ಬಿದಳು. ಹಸಿ ಕಾಯಿತುರಿ ಬೆರೆಸಿದಳು. ಅಭ್ಯಾಸಬಲದಿಂದ ಬೆಲ್ಲದ ಡಬ್ಬಿ ತೆರೆದು ಒಂದು ಚೂರು ಮುರಿದವಳು ತಡೆದು, ಅದನ್ನು ಡಬ್ಬಿಗೇ ಹಿಂದಕ್ಕೆ ಹಾಕಿ ಮುಚ್ಚಿದಳು.

“ಯಾಕೇ?” ಎಂದರು ಸೊಣ್ಣಪ್ಪನವರು.

“ಬೆಲ್ಲ ಬೆಂಕಿ ಕಂಡಿರುತ್ತಲ್ರೀ.”

ಬೀಗ ಹಾಕಿ ಕಾದುಕೊಂಡ ಅವರಿಗೇ ಅದು ಹೊಳೆದಿರಲಿಲ್ಲ. ಕಣ್ಣು ತುಂಬಿಕೊಂಡು ಬಟ್ಟಲಿಗೆ ಕೈ ಚಾಚಿದರು. ಮೂಗು ಮದುವೆ ಮನೆಯಲ್ಲಿದ್ದಂತೆ ಬಟ್ಟಲಿನತ್ತ ಬಾಗತೊಡಗಿತು. ಬೈರಮ್ಮ ನೋಡುತ್ತಲೇ ಇದ್ದಳು. ಸೊಣ್ಣಪ್ಪನವರು ತಲೆ ಎತ್ತಿ, ಗಣಪತಿಯ ಹೆಸರು ಹೇಳಿ, ಮೂಸದೆ ತಿಂದರು.

“ಸಂಕಷ್ಟಿ ಮುಗಿಯೋ ತನಕ ಇರ್ತೀನಿ” ಎಂದಳು ಅವಳು, ಒರಳು ತೊಳೆಯುತ್ತಾ. “ಆಮೇಲೆ ಮೊದಲನೇ ಮುದ್ದೆ ನಾನು ಇಕ್ಕಿದ್ದೇ ತಿನ್ನಬೇಕು.”