‘ಸಂಭವ’ವನ್ನು ತಿದ್ದಲು ಹರಪನಹಳ್ಳಿಗೆ

ಕೂಡ್ಲಿಗಿಯಿಂದ ಬೆಳಿಗ್ಗೆ ಆರೂ ನಲವತ್ತರ ಬಸ್ಸಿಗೆ ಹೊರಟೆ. ೨೦೦೭ರ ಮಾರ್ಚ್ ತಿಂಗಳು. ಆ ಹೊತ್ತಿಗೇ ಕಿಟಕಿಯ ಕಂಬಿ ಬೆಚ್ಚಗಿತ್ತು. ಚೀಲದಲ್ಲಿ ನೀರಿನ ಬಾಟಲಿ, ಟವೆಲ್, ಎರಡು ಪೆನ್ನು ಮತ್ತು ಒಂದು ಹಾಳೆಯ ಕರಡು. ಕರಡು ನನ್ನ ತಂಗಿಯ ಮಗಳು ಗಿರಿಜಳದು. ಅವಳು ಹರಪನಹಳ್ಳಿಯಲ್ಲಿ ವಿಜ್ಞಾನದ ಶಿಕ್ಷಕಿ. ಭೂಮಿ ಬಿಸಿಯಾಗುತ್ತಿರುವುದರ ಬಗ್ಗೆ ಹಳ್ಳಿಗಳಲ್ಲಿ ಹಂಚಲು ಸಾವಿರ ಪ್ರತಿ ಅಚ್ಚು ಹಾಕಿಸುವವಳಿದ್ದಳು. ಸಂಜೆ ನಾಲ್ಕಕ್ಕೆ ಅಚ್ಚು ಶುರು. ಆಮೇಲೆ ಒಂದಕ್ಷರ ತಿದ್ದುವಂತಿರಲಿಲ್ಲ.

ತೊಡಕು ಇದ್ದದ್ದು ಒಂದೇ ವಾಕ್ಯದಲ್ಲಿ: ‘ಇದಕ್ಕೆ ಮನುಷ್ಯರೇ ಮುಖ್ಯ ಕಾರಣವಾಗಿರುವ ಸಂಭವ ಬಹಳ ಹೆಚ್ಚು ಎಂದು ವಿಜ್ಞಾನಿಗಳು ಒಪ್ಪಿದ್ದಾರೆ.’ ಹಿಂದಿನ ವಾರ ಹೊಸಹಳ್ಳಿಯಲ್ಲಿ ಅವಳು ಇದನ್ನು ಓದಿದಾಗ ಒಬ್ಬ ಅಜ್ಜಿ ಎದ್ದು, “ಸಂಭವ ಅಂದ್ರ ಗೊತ್ತೈತಿ ಬಿಡವಾ. ರೇಡಿಯೋದಾಗ ಮಳಿ ಸಂಭವ ಅಂದ ದಿನಾನ ನಾವು ಶೇಂಗಾ ಒಣಗಾಕ ಹಾಕೋದು” ಎಂದಳಂತೆ. ಊರೇ ನಕ್ಕಿತ್ತು. “ಇನ್ನೊಮ್ಮಿ ಹಂಗ ನಕ್ರ ನಾ ಯಾವ ಹಳ್ಳಿಗೂ ಹೋಗಂಗಿಲ್ಲ ಮಾವ” ಎಂದು ಗಿರಿಜ ಫೋನಿನಲ್ಲಿ ಹೇಳಿದಳು. ವಾಕ್ಯ ತಿದ್ದುವ ಹೊಣೆ ನನ್ನದಾಯಿತು. ವಿಜ್ಞಾನ ತಪ್ಪಬಾರದಲ್ಲ, ಅದಕ್ಕೇ ಹಡಗಲಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಗೆಳೆಯ ಬಸವರಾಜಪ್ಪನಿಗೆ ತೋರಿಸಿ ಹೋಗಲು ಈ ಸುತ್ತುದಾರಿ ಹಿಡಿದಿದ್ದೆ.

ಕೊಟ್ಟೂರಿನಲ್ಲಿ ಇಳಿದು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದೆ. ಮಿರ್ಚಿ ಬಿಸಿಯಾಗಿತ್ತು, ಚಹಾ ಅಷ್ಟಕ್ಕಷ್ಟೆ. ‘ಸಂಭವ’ವನ್ನು ಹೊಡೆದುಹಾಕಿ, ‘ವಿಜ್ಞಾನಿಗಳೆಲ್ಲ ಒಪ್ಪಿದ್ದಾರೆ’ ಎಂದಷ್ಟೇ ಉಳಿಸಿ ಎದುರು ಕೂತವರಿಗೆ ಓದಿದೆ. ಅವರು ಮಿರ್ಚಿ ಮುರಿಯುತ್ತ, “ಎಲ್ಲಾರೂ ಒಪ್ಯಾರಂದ್ರ ಯಾರೋ ಚೊಲೊ ಊಟ ಹಾಕ್ಸ್ಯಾರ್ರಿ” ಎಂದರು. ಹೊಡೆದುಹಾಕಿದ್ದನ್ನು ಮತ್ತೆ ಬರೆದುಕೊಂಡೆ.

ಅಲ್ಲಿಂದ ಖಾಸಗಿ ಬಸ್ಸು. ಹಗರಿಬೊಮ್ಮನಹಳ್ಳಿ ಮುಟ್ಟುವಷ್ಟರಲ್ಲಿ ಇಂಜಿನ್ ಕುದಿದು ಹಬೆ ಎದ್ದಿತು. ಊರ ಹೊರಗಿನ ಗ್ಯಾರೇಜಿನ ಎದುರಿಗೇ ನಿಂತದ್ದು ಪುಣ್ಯ. ಬಿಸಿಲಿಗೆ ಕಾದಿದೆ ಎಂದು ಡ್ರೈವರನ ವಾದ. ಮೆಕ್ಯಾನಿಕ್ ರಹಿಮಾನ್ ಸಾಬರು ಕೈ ಒರೆಸಿಕೊಂಡು ಬಂದು, “ಬಿಸಿಲು ನಿನ್ನಿನೂ ಇತ್ತಲ್ಲೋ. ನಿನ್ನಿ ಯಾಕ ಕುದೀಲಿಲ್ಲ?” ಎಂದು ಕೇಳಿದರು. ನೀರು ನೋಡಿದರು, ಪೈಪು ಹಿಚುಕಿದರು, ಕೊನೆಗೆ ಫ್ಯಾನ್ ಬೆಲ್ಟಿನ ಮೇಲೆ ಬೆರಳಿಟ್ಟರು. ಡ್ರೈವರ್ ನಂಬದೆ ಪಕ್ಕದ ಗ್ಯಾರೇಜುಗಳಿಂದ ಇನ್ನಿಬ್ಬರನ್ನು ಕರೆತಂದ. “ನಾ ಏನಂದೆ ಅಂತ ಅವರಿಗೆ ಹೇಳಬ್ಯಾಡ್ರಿ. ಅವರ ಕಣ್ಣಿಲೆ ಅವರು ನೋಡ್ಲಿ” ಎಂದು ಸಾಬರು ದೂರ ಹೋಗಿ ಬೀಡಿ ಹಚ್ಚಿದರು. ಒಬ್ಬೊಬ್ಬರಾಗಿ ನೋಡಿದ ಅವರಿಬ್ಬರೂ ಬೆಲ್ಟನ್ನೇ ತೋರಿಸಿದರು.

“ಮೂರೂ ಮಂದಿ ಮಾತಾಡ್ಕೊಂಡೀರಿ” ಎಂದ ಡ್ರೈವರ್.

“ಎಲ್ಲಿ ಮಾತು? ಇವರಿಬ್ಬರಿಗೂ ನನಗೂ ಮಾತು ಬಿಟ್ಟು ಆರು ತಿಂಗಳಾತು” ಎಂದರು ಸಾಬರು.

ಬಸ್ಸಿನವರೆಲ್ಲ ನಕ್ಕರು. ನಾನು ನಗುತ್ತಲೇ ಪೆನ್ನು ತೆಗೆದೆ. ಹೊಸ ಬೆಲ್ಟ್ ಹಾಕುವುದರೊಳಗೆ ವಾಕ್ಯ ಸಿದ್ಧವಾಗಿತ್ತು.

ಒಂದು ತಾಸು ತಡವಾಗಿ ಹಡಗಲಿ ಸೇರಿದೆ. ಬಸವರಾಜಪ್ಪ ರೊಟ್ಟಿಯ ತಟ್ಟೆ ನನ್ನ ಕಡೆ ಸರಿಸಿ ಕರಡನ್ನು ತನ್ನ ಕಡೆ ಎಳೆದುಕೊಂಡ. ಬೆಲ್ಟಿನ ಕಥೆ ಕೇಳಿ, “ಲೇ, ಬರೇ ಹೊಗಿ ಅಂತ ಬರದೀಯಲ್ಲ, ಅದರಾಗಿನ ಅನಿಲ ಅನ್ನು. ‘ಮುಖ್ಯ’ ಅನ್ನೋದನ್ನ ಮಾತ್ರ ತೆಗೀಬ್ಯಾಡ. ಅದರಾಗ ಸೂರ್ಯಂದೂ ಸಣ್ಣ ಪಾಲೈತಿ” ಎಂದ. ಎರಡು ಕಡೆ ತಿದ್ದಿ ಸಹಿ ಹಾಕಿದ. ಶೇಂಗಾ ಚಟ್ನಿ ಚೆನ್ನಾಗಿತ್ತು. ಎರಡನೆಯ ಸಲ ಹಾಕಿಸಿಕೊಳ್ಳಲು ಸಮಯವಿರಲಿಲ್ಲ.

ಹರಪನಹಳ್ಳಿ ನಿಲ್ದಾಣದಲ್ಲಿ ಇಳಿದಾಗ ಮೂರೂ ಐವತ್ತು. ಮೆಕ್ಕೆಜೋಳದ ಲಾರಿಗಳ ಸಂದಿಯಲ್ಲಿ ಓಡುವ ವಯಸ್ಸು ನನ್ನದಲ್ಲ, ಬಿರುಸಾಗಿ ನಡೆದೆ. ಅಚ್ಚುಕೂಟದ ಬಾಗಿಲಲ್ಲಿ ಗಿರಿಜ ಗಡಿಯಾರ ನೋಡುತ್ತ ನಿಂತಿದ್ದಳು. ಒಳಗೆ ಯಂತ್ರ ನಡೆಸುವ ನಾಗಪ್ಪ ಹಾಳೆ ತೆಗೆದುಕೊಂಡು ತಿದ್ದಿದ್ದನ್ನು ಗಟ್ಟಿಯಾಗಿ ಓದಿದ: ‘ಬಿಸಿಲು ಮೊದಲೂ ಇತ್ತು. ಸೂರ್ಯನನ್ನು ನೋಡಿದರು, ಜ್ವಾಲಾಮುಖಿಗಳನ್ನು ನೋಡಿದರು. ಇಷ್ಟು ಬಿಸಿಗೆ ಅವು ಸಾಲಲಿಲ್ಲ. ನಾವು ಸುಡುವ ಕಲ್ಲಿದ್ದಲು, ಡೀಸೆಲ್ಲಿನ ಹೊಗೆಯಲ್ಲಿರುವ ಅನಿಲವೇ ಮುಖ್ಯ ಕಾರಣ. ಇದನ್ನು ಒಬ್ಬರ ಮಾತು ಒಬ್ಬರು ಕೇಳಿ ಹೇಳಿದ್ದಲ್ಲ. ದೇಶ ದೇಶದ ವಿಜ್ಞಾನಿಗಳು ಬೇರೆ ಬೇರೆಯಾಗಿ ನೋಡಿ ಒಂದೇ ಮಾತು ಹೇಳಿದ್ದಾರೆ.’

ಗಿರಿಜ ಅವನ ಮುಖವನ್ನೇ ನೋಡುತ್ತಿದ್ದಳು. ನಾಗಪ್ಪ ನಗಲಿಲ್ಲ. ಹಾಳೆ ತಿರುಗಿಸಿದ, ಮತ್ತೆ ತಿರುಗಿಸಿದ.

“ಹಂಗಾರೆ ಈಗ ನಾವೇನ್ ಮಾಡ್ಬೇಕು ಸಾರ್? ಅದನ್ನ ಬರ್ದೇ ಇಲ್ವಲ್ಲ.”

ನಾನು ಗಿರಿಜಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಒಂದು ವಾಕ್ಯದ ಹಿಂದೆ ಬಿದ್ದು ಇಬ್ಬರೂ ಅದನ್ನು ಮರೆತಿದ್ದೆವು.

“ಹಿಂದಿನ ಮಗ್ಗಲು ಖಾಲಿ ಐತಿ ಮಾವ” ಎಂದಳು. ಮುಖದಲ್ಲಿ ನಗು ಮರಳಿತ್ತು.

ನಾಗಪ್ಪ ಯಂತ್ರ ಶುರು ಮಾಡದೆ ನನಗೊಂದು ಸ್ಟೂಲು ಹಾಕಿದ. ನಾನು ಹತ್ತಬೇಕಿದ್ದ ಐದೂ ಹತ್ತರ ಕೂಡ್ಲಿಗಿ ಬಸ್ಸಿನ ಹಾರನ್ ನಿಲ್ದಾಣದ ಕಡೆಯಿಂದ ಕೇಳಿಸಿತು. ನಾನಿನ್ನೂ ಎರಡನೆಯ ಸಾಲಿನಲ್ಲಿದ್ದೆ, ಏಳಲಿಲ್ಲ.