ಮೊಳೆಯ ಗುರುತು

ಬರಗಾಲದ ಬಿಸಿಲು. ಉದಗೀರಿನ ಬಸ್ ಸ್ಟ್ಯಾಂಡ್ ಎದುರು, ಕಲ್ಲು ಕೆತ್ತುವವನ ಶೆಡ್ಡಿನ ನೆರಳಲ್ಲಿ ಕೂತಿದ್ದೆ. ಧೂಳು ಅಡಗಿಸಲು ಚಿಮುಕಿಸುವಷ್ಟೂ ನೀರಿರಲಿಲ್ಲ. ಅಲ್ಲಿ ಅತ್ತೆ-ಸೊಸೆ ಜಗಳವಾಡುತ್ತಿದ್ದರು. ತೀರಿಕೊಂಡದ್ದು ಅತ್ತೆಯ ಮಗ, ಸೊಸೆಯ ಗಂಡ. ಅವನ ಗೋರಿಯ ಕಲ್ಲಿಗೆ ಎಂಥ ಕ್ರಾಸ್ ಎಂಬುದೇ ತಕರಾರು.

“ಕ್ರೂಸಿನ ಮ್ಯಾಲ ಯೇಸಪ್ಪ ಇರಬೇಕ. ನನ್ನ ಮಗಾ ಎಷ್ಟ ನರಳ್ಯಾನ, ಅಂವಗೇ ಗೊತ್ತದ,” ಎಂದರು ಅತ್ತೆ.

“ಯೇಸಪ್ಪ ಮೂರನೇ ದಿನಾನ ಎದ್ದು ಹೋಗ್ಯಾನ್ರೀ ಅತ್ತಿ! ನೀವ ಇನ್ನಾ ಮೊಳಿ ಹೊಡದ ನಿಲ್ಲಸ್ತೀರಿ.”

ನನ್ನ ಕೊರಳ ಕ್ರಾಸಿನ ಸರ ಕಂಡು ಸೊಸೆ, “ಬಾಯೀ, ನೀವರ ಹೇಳ್ರಿ,” ಎಂದಳು.

ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಗುಡ್ ಫ್ರೈಡೇಗೆ ನಮ್ಮನ್ನು ಅಳಿಸುತ್ತಿದ್ದರು, ಈಸ್ಟರ್‌ಗೆ ಕೇಕ್ ಕೊಡುತ್ತಿದ್ದರು. ಯಾವುದು ದೊಡ್ಡದೆಂದು ಎಕ್ಸಾಮಿನಲ್ಲೂ ಕೇಳಲಿಲ್ಲ.

“ಎದ್ದು ಬಂದ ಮೇಲೂ ಅವನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತಲ್ಲಮ್ಮ, ನಂಬದ ಶಿಷ್ಯನಿಗೆ ಬೆರಳಿಟ್ಟು ನೋಡು ಅಂದನಲ್ಲ,” ಎಂದೆ.

ಅತ್ತೆ ಕಲ್ಲಿನವನ ಕಡೆ ತಿರುಗಿ ಹೇಳಿದರು: “ಯೇಸಪ್ಪನ್ನ ಕೆತ್ತಬ್ಯಾಡಪ್ಪಾ. ಕ್ರೂಸಿನಾಗ ಮೊಳಿ ತೂತಷ್ಟ ಇರ್ಲಿ.”

“ಎಷ್ಟ ದೊಡ್ಡದರೀ?” ಎಂದು ಅವನು ಕೇಳಿದ.

“ನನ್ನ ಬೆರಳ ಹೋಗೂವಷ್ಟ,” ಎಂದು ಅತ್ತೆ ಕಲ್ಲಿನ ಮೇಲೆ ಬೆರಳಿಟ್ಟರು.

ಸೊಸೆ ಪಕ್ಕದಲ್ಲಿ ತನ್ನದನ್ನೂ ಇಟ್ಟಳು. “ನಂದ ದಪ್ಪ ಅದ ಅಣ್ಣಾ, ಒಂದೀಟ ದೊಡ್ಡದ ಮಾಡ್ರಿ.”