ಪಿ ಥಂಗಿಯ ಮುಖ ಮುಚ್ಚಿದ ಹುಡುಗಿ

ಝೋಪಾರ್ ಸುತ್ತಿನ ಬೆಟ್ಟದೂರುಗಳಲ್ಲಿ ಇವತ್ತು ಓಡಾಡಿಕೊಂಡಿರುವ ಹುಡುಗ ಹುಡುಗಿಯರಲ್ಲಿ ಅರ್ಧಕ್ಕರ್ಧ ಜನ ಭೂಮಿಗೆ ಬಿದ್ದದ್ದು ಸಾಂಗ್‌ಝುವಾಲಿಯ ಕೈಗೆ. ಹೆರಿಗೆ ನೋವಿನಲ್ಲೂ ಬಸುರಿಯರನ್ನು ನಗಿಸಿಬಿಡುವ ನರ್ಸಮ್ಮ ಎಂದು ಆಕೆಗೆ ಹೆಸರು. ಆದರೆ ಆ ನಗುವೇ ಒಂದು ಸಲ ಆಕೆಗೆ ಸಿಗಬೇಕಿದ್ದ ನರ್ಸಿನ ಟೋಪಿಯನ್ನೇ ತಪ್ಪಿಸುವುದರಲ್ಲಿತ್ತು.

ಝುವಾಲಿಗೆ ಹುಟ್ಟಿನಿಂದ ಒಂದೇ ಕಾಯಿಲೆ. ನಗಬಾರದ ಹೊತ್ತಿಗೆ ಸರಿಯಾಗಿ ನಗು ಬರುವುದು. ಚರ್ಚಿನಲ್ಲಿ ಹಿರಿಯರು ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತರೆ ಸಾಕು, ಇವಳ ಹೊಟ್ಟೆಯೊಳಗೆ ಯಾರೋ ಕಚಗುಳಿ ಇಟ್ಟ ಹಾಗಾಗುತ್ತಿತ್ತು. ಪಕ್ಕದಲ್ಲಿ ಕೂತ ತಾಯಿ ತೊಡೆ ಚಿವುಟಿ ಸುಮ್ಮನಾಗಿಸುತ್ತಿದ್ದಳು. ಹೀಗೆ ಚಿವುಟಿ ಚಿವುಟಿ ಆ ತಾಯಿಯ ಬೆರಳಿಗೆ ಎಂಥ ಚಾಳಿ ಬಿತ್ತೆಂದರೆ, ಪ್ರಾರ್ಥನೆ ಶುರುವಾದರೆ ಪಕ್ಕದಲ್ಲಿ ಯಾರಿದ್ದರೂ ಅವಳಿಗೆ ಅರಿವಿಲ್ಲದೆಯೇ ಚಿವುಟುತ್ತಿದ್ದಳು.

ಇಂಥ ಹುಡುಗಿ ಮಿಷನ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಸೇರಿ ಪಿ ಡೆಂಗ್‌ಖುಮಿಯ ಕೈಗೆ ಸಿಕ್ಕಿದಳು. ಪಿ ಎಂದರೆ ಅಜ್ಜಿಯೂ ಹೌದು, ಅಮ್ಮಾವರೂ ಹೌದು. ಪಿ ಡೆಂಗ್‌ಖುಮಿಯ ಮಟ್ಟಿಗೆ ಪೊಲೀಸೂ ಹೌದು. ಅವರ ಟೋಪಿಯ ಗಂಜಿ ಕೂಡ ಅವರಿಗೆ ಹೆದರಿಯೇ ನೆಟ್ಟಗೆ ನಿಂತಿದೆ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು.

ಅಭ್ಯಾಸದ ಕೋಣೆಯಲ್ಲಿ ಮಂಚದ ಮೇಲೆ ಆಳೆತ್ತರದ ಒಂದು ರಬ್ಬರ್ ಗೊಂಬೆ ಮಲಗಿರುತ್ತಿತ್ತು. ಅದರ ಹೆಸರು ಪಿ ಥಂಗಿ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಸೂಜಿ ಚುಚ್ಚುವುದು ಎಲ್ಲವನ್ನೂ ಮೊದಲು ಆಕೆಯ ಮೇಲೆ ಕಲಿಯಬೇಕು. ಕಲಿಯುವ ಮುಂಚೆ ಆಕೆಗೆ ನಮಸ್ಕಾರ ಹೇಳಬೇಕು, ತನ್ನ ಹೆಸರು ಹೇಳಬೇಕು, ಮುಟ್ಟಲು ಅಪ್ಪಣೆ ಕೇಳಬೇಕು, ತಲೆ ಬಗ್ಗಿಸಿ ಪ್ರಾರ್ಥನೆ ಮಾಡಬೇಕು.

"ಮಂಚದ ಮೇಲೆ ಮಲಗಿರೋರು ಯಾರೇ ಆಗಲಿ, ಕರ್ತನೇ ನಿಮ್ಮ ಮನೆಗೆ ಬಂದು ಮಲಗಿದಾನೆ ಅಂದ್ಕೊಂಡು ಮುಟ್ಟಿ," ಎಂದರು ಪಿ ಡೆಂಗ್‌ಖುಮಿ ಮೊದಲ ದಿನ. "ಇನ್ನೊಂದು ಮಾತು. ಮುಖದ ಮೇಲೆ ಬಟ್ಟೆ ಎಳೆಯೋದು ಸತ್ತವರಿಗೆ ಮಾತ್ರ. ಉಸಿರಾಡೋ ಮನುಷ್ಯನ ಮುಖ ಮುಚ್ಚಿದ ಕೈ ನರ್ಸಿನ ಕೈ ಅಲ್ಲ."

ಝುವಾಲಿ ಮುಂದೆ ಬಂದು, "ನಮಸ್ಕಾರ ಪಿ ಥಂಗಿ, ನಾನು ಸಾಂಗ್‌ಝುವಾಲಿ, ನಿಮ್ಮ ಬೆನ್ನು ಒರೆಸಲಾ?" ಎಂದಳು. ಗೊಂಬೆ ಸೂರು ನೋಡುತ್ತ ಸುಮ್ಮನಿತ್ತು.

"ಉತ್ತರ ಬರೋವರೆಗೂ ಕಾಯ್ಬೇಕಾ, ಪಿ?" ಎಂದು ಹಿಂದಿನಿಂದ ಗೆಳತಿ ಮೋಯಿ ಕೇಳಿದಳು.

ಅಷ್ಟೇ. ಝುವಾಲಿ ಮಂಚದ ಕಂಬಿ ಹಿಡಿದುಕೊಂಡು ನೆಲಕ್ಕೆ ಕುಸಿಯುವ ತನಕ ನಕ್ಕಳು. ಆಮೇಲೆ ವಾರ್ಡಿನಲ್ಲಿ ನಕ್ಕಳು, ಬೆಳಗಿನ ಆರಾಧನೆಯಲ್ಲಿ ನಕ್ಕಳು, ದೊಡ್ಡ ಡಾಕ್ಟರು ಸೀನಿದಾಗ ನಕ್ಕಳು. ಕಲಿಯುವ ಹುಡುಗಿಯರ ತಲೆಗೆ ಚರ್ಚಿನಲ್ಲಿ ನರ್ಸಿನ ಟೋಪಿ ಇಡುವ ಭಾನುವಾರ ಹತ್ತಿರ ಬಂದಾಗ ಪಿ ಡೆಂಗ್‌ಖುಮಿ ಅವಳನ್ನು ಕರೆಸಿ ಮೆಲ್ಲಗೆ ಮಾತಾಡಿದರು. ಅವರು ಮೆಲ್ಲಗೆ ಮಾತಾಡಿದರೆ ಭಯ ಹೆಚ್ಚು.

"ನಿನ್ನ ಕೈ ಚೆನ್ನಾಗಿದೆ. ಬಾಯಿ ಚೆನ್ನಾಗಿಲ್ಲ. ಜನ ನಮ್ಮ ಹತ್ರ ಬರೋದು ಅಳೋ ಹೊತ್ತಲ್ಲಿ. ಇನ್ನೊಂದೇ ಒಂದು ಸಲ ನಗಬಾರದ ಕಡೆ ನಕ್ಕೆ ಅಂದ್ರೆ, ಟೋಪಿ ಇಲ್ಲ. ಪೆಟ್ಟಿಗೆ ಕಟ್ಕೊಂಡು ಅಮ್ಮನ ಹತ್ರ ಹೋಗು."

ಅಮ್ಮ ಆ ಭಾನುವಾರಕ್ಕೆಂದೇ ಹೊಸ ಪುವಾನ್ ಬಟ್ಟೆ ನೇಯ್ದು ಸೊಂಟಕ್ಕೆ ಸುತ್ತಿ ನೋಡಿಕೊಂಡಾಗಿತ್ತು. ಚಿಕ್ಕಪ್ಪನ ಲಾರಿಯಲ್ಲಿ ಅರ್ಧ ಊರು ಬರುವುದೆಂದು ಗೊತ್ತಾಗಿತ್ತು. ಟೋಪಿಯಿಲ್ಲದ ತಲೆ ಹೊತ್ತು ಅದೇ ಲಾರಿ ಹತ್ತಿ ಊರಿಗೆ ಹೋಗುವುದೇ? ನಗುವುದನ್ನು ಬಿಟ್ಟೆ ಎಂದು ಅವಳು ದೇವರಿಗೆ ಮಾತು ಕೊಟ್ಟಳು.

ಅದೇ ವಾರ ಝೋಪಾರ್‌ನಲ್ಲಿ ಆರೋಗ್ಯದ ಪಾಠವಿತ್ತು. ಹಾಸಿಗೆ ಹಿಡಿದ ಮುದುಕರಿಗೆ ಬೆನ್ನುಹುಣ್ಣು ಆಗದ ಹಾಗೆ ನೋಡಿಕೊಳ್ಳುವುದು ಹೇಗೆ ಎಂದು ಪಿ ಥಂಗಿಯ ಮೇಲೆ ಮಾಡಿ ತೋರಿಸಬೇಕು. ಆಸ್ಪತ್ರೆಯ ಜೀಪು ಅರ್ಧ ದಾರಿಯಲ್ಲಿ ನಿಂತಿತು. ಮುಂದೆ ಗುಡ್ಡ ಜರಿದು ರಸ್ತೆಯೇ ಇರಲಿಲ್ಲ. ಉಳಿದದ್ದು ಕಾಲುದಾರಿ. ಝುವಾಲಿ, ಮೋಯಿ ಗೊಂಬೆಯನ್ನು ಸ್ಟ್ರೆಚರಿಗೆ ಕಟ್ಟಿ ಹೊತ್ತರು. ಪಿ ಡೆಂಗ್‌ಖುಮಿಗೆ ಮಂಡಿನೋವು. "ನೀವು ನಡೀತಿರಿ, ನಾನು ಕೋಲೂರಿಕೊಂಡು ಬರ್ತೀನಿ," ಎಂದರು.

ತಿರುವು ದಾಟುತ್ತಲೇ ತುಂತುರು ಬಿತ್ತು. ಪಿ ಥಂಗಿಯ ಕೆನ್ನೆಗೆ ಪಿ ಡೆಂಗ್‌ಖುಮಿ ಮೊನ್ನೆಯಷ್ಟೇ ತಮ್ಮ ಕೈಯಾರೆ ಬಣ್ಣ ಬಳಿದಿದ್ದರು.

"ಅಯ್ಯೋ, ಬಣ್ಣ ಕಿತ್ತುಹೋದ್ರೆ ನಮ್ಮ ಚರ್ಮ ಕೀಳ್ತಾರೆ," ಎಂದು ಝುವಾಲಿ ಬಿಳಿ ಹೊದಿಕೆಯನ್ನು ಗೊಂಬೆಯ ಮುಖದ ಮೇಲೆ ಎಳೆದು, ಅಂಚನ್ನು ನೀಟಾಗಿ ಸಿಕ್ಕಿಸಿದಳು.

ಊರ ಬಾಗಿಲಲ್ಲಿ ನಾಲ್ಕಾರು ಗಂಡಸರು ಸೌದೆ ಸೀಳುತ್ತಿದ್ದರು. ಇವರನ್ನು ಕಂಡದ್ದೇ ಕೊಡಲಿ ಕೆಳಗಿಟ್ಟು, ಟೋಪಿ ತೆಗೆದು, ಮಾತಿಲ್ಲದೆ ಬಂದು ಸ್ಟ್ರೆಚರಿಗೆ ಹೆಗಲು ಕೊಟ್ಟರು. ನಮ್ಮ ಬೆಟ್ಟದ ಮೇಲೆ ಹೊರೆ ಹೊತ್ತವರನ್ನು ಯಾರೂ ಸುಮ್ಮನೆ ನೋಡುತ್ತ ನಿಲ್ಲುವುದಿಲ್ಲ. ಹುಡುಗಿಯರಿಗೆ ಜೀವ ಬಂದಂತಾಯಿತು.

"ಎಷ್ಟು ಹಗುರ, ಪಾಪ!" ಎಂದ ಒಬ್ಬ. "ಊಟಾನೇ ಸೇರ್ತಿರಲಿಲ್ವೇನೋ?"

"ಒಂದು ತುತ್ತೂ ಇಲ್ಲ ಅಣ್ಣ," ಎಂದಳು ಮೋಯಿ ಗಂಭೀರವಾಗಿ. ಗೊಂಬೆಯ ವಿಷಯದಲ್ಲಿ ತಮಾಷೆ ಮಾಡುವುದು ಶಾಲೆಯಲ್ಲಿ ರೂಢಿ.

"ಹೆಸರು?"

"ಪಿ ಥಂಗಿ."

"ಅವರಿಗೆ ತಮ್ಮೋರು ಅಂತ ಯಾರೂ ಇಲ್ವೇನಮ್ಮ?"

"ಯಾರೂ ಇಲ್ಲ. ನಾವೇ ಎಲ್ಲ."

ಆತ ಕಣ್ಣೊರೆಸಿಕೊಂಡು ಮುಂದೆ ಓಡಿದ. ಈತನಿಗೇನಾಯಿತು ಎಂದು ಝುವಾಲಿ ಅಂದುಕೊಳ್ಳುತ್ತಿರುವಾಗಲೇ ದಿಬ್ಬದ ಮೇಲಿನ ಧ್ವನಿವರ್ಧಕ ಕೆಮ್ಮಿತು. ಡಂಗುರ ಸಾರುವ ಹಿರಿಯ ಪು ಲಿಯಾನ್‌ಖಾಮನ ದನಿ ಊರನ್ನೆಲ್ಲ ತುಂಬಿತು. ತಿರುವಿನಾಚೆ ಕೋಲೂರಿಕೊಂಡು ಬರುತ್ತಿದ್ದ ಪಿ ಡೆಂಗ್‌ಖುಮಿಯವರೆಗೆ ಮಾತ್ರ ಅದು ಮುಟ್ಟಲಿಲ್ಲ.

"ಕೇಳ್ರಪ್ಪಾ, ಕೇಳ್ರಮ್ಮಾ! ಪಿ ಥಂಗಿ ಅನ್ನೋ ಪರವೂರ ಹೆಣ್ಣುಮಗಳು ತೀರ್ಕೊಂಡಿದಾರೆ. ಹಿಂದಿಲ್ಲ ಮುಂದಿಲ್ಲ. ಇವತ್ತು ಅವರಿಗೆ ನಾವೇ ಬಂಧು, ನಾವೇ ಬಳಗ. ಯುವಕರು ಗುದ್ದಲಿ ಹಿಡ್ಕೊಂಡು ಸಮಾಧಿ ದಿಬ್ಬಕ್ಕೆ ನಡೀರಿ. ಹೆಂಗಸರು ಸಭಾಂಗಣಕ್ಕೆ ಬನ್ನಿ. ಚಹಾ, ಬೆಲ್ಲ ಬರಲಿ!"

ಝುವಾಲಿ, ಮೋಯಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ಹೊದಿಕೆ ಮುಚ್ಚಿದ ಪಿ ಥಂಗಿಯ ಮುಖದ ಕಡೆ ನೋಡಿದರು.

"ಏ ಝುವಾಲಿ," ಎಂದಳು ಮೋಯಿ ಉಸಿರು ಕಟ್ಟಿ, "ಮುಖ ಯಾಕೆ ಮುಚ್ಚಿದೆಯೇ?"

ಕಚಗುಳಿ ಶುರುವಾಯಿತು. ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ. ಝುವಾಲಿ ಹೊದ್ದ ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಭುಜಗಳು ಗಡಗಡ ನಡುಗಿದವು, ಕಣ್ಣಲ್ಲಿ ನೀರು ಸುರಿಯಿತು. ಓಡಿ ಬಂದ ಹೆಂಗಸರು ಇದನ್ನು ನೋಡಿ ಕರಗಿಹೋದರು. ಕಣ್ಣಿಗೆ ಪೊರೆ ಬಂದ, ಹಲ್ಲಿಲ್ಲದ ಒಬ್ಬ ಮುದುಕಿ, ಪಿ ಙಾಯ್ಹಿ, ಅವಳನ್ನು ತಬ್ಬಿಕೊಂಡು ಬೆನ್ನು ಸವರಿದಳು.

"ಅತ್ತುಬಿಡು ಕಂದಾ. ಒಳಗಿಟ್ಕೋಬೇಡ. ಎಲ್ಲಾ ಹೊರಗೆ ಬರಲಿ."

ಹೊರಗೆ ಬಂದರೆ ಕೆಡುತ್ತಿತ್ತು. ಝುವಾಲಿ ಶಾಲನ್ನು ಇನ್ನಷ್ಟು ತುರುಕಿಕೊಂಡಳು. ಹೇಳೋಣವೆಂದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಮಾತಿಗಿಂತ ಮೊದಲು ನಗು ಬರುತ್ತದೆ. ನಗು ಬಂದರೆ ಟೋಪಿ ಹೋಗುತ್ತದೆ. ಮೋಯಿಯಾದರೂ ಹೇಳುತ್ತಾಳೆಂದು ನೋಡಿದರೆ ಅವಳು ಆಗಲೇ ದಾರಿಬದಿಯ ಮನೆಯೊಂದರ ಗೋಡೆಗೆ ಮುಖಮಾಡಿ "ಅಳುತ್ತಿದ್ದಳು."

ಸಭಾಂಗಣದ ನಡುವೆ ಪಿ ಥಂಗಿಯನ್ನು ಮಲಗಿಸಿದರು. ಡೋಲು ಬಂತು, ಹಾಡು ಎದ್ದಿತು. ಮನೆಮನೆಯಿಂದ ಪುವಾನ್‌ಗಳು ಸತ್ತವರಿಗೆ ಹೊದಿಸಲೆಂದು ಬಂದು ರಬ್ಬರ್ ಮೈಮೇಲೆ ರಾಶಿ ಬಿದ್ದವು. ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಪಿ ಡೆಂಗ್‌ಖುಮಿ!

ಅಬ್ಬ, ಬದುಕಿದೆ ಎಂದುಕೊಂಡಳು ಝುವಾಲಿ. ಆದರೆ ಪಿ ಡೆಂಗ್‌ಖುಮಿ ಕಂಡದ್ದೇನು? ಪುವಾನ್‌ಗಳ ಕೆಳಗೆ ಒಂದು ದೇಹ, ಸುತ್ತ ಅಳುವ ಜನ. ಊರಿನಲ್ಲಿ ಯಾರೋ ತೀರಿಹೋಗಿದ್ದಾರೆ. ಸಾವಿನ ಮನೆಯಲ್ಲಿ ಯಾರು ಏನು ಎಂದು ಕೇಳುವುದು ಸಲ್ಲ. ಅವರು ಚಪ್ಪಲಿ ಬಿಟ್ಟು, ಮಂಡಿನೋವನ್ನೂ ಮರೆತು ನೆಲಕ್ಕೆ ಮಂಡಿಯೂರಿ ಕಣ್ಣು ಮುಚ್ಚಿದರು.

"ಕರ್ತನೇ, ಈ ಸಹೋದರಿ ಯಾರೋ ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಇವಳು ಬಾಯಿಬಿಟ್ಟು ಹೇಳದ ನೋವುಗಳೆಲ್ಲ ನಿನಗೆ ಗೊತ್ತು..."

ಪ್ರಾರ್ಥನೆ ಉದ್ದವಾಗಿತ್ತು, ಚೆನ್ನಾಗಿತ್ತು. ಅವರ ಕೆನ್ನೆಯ ಮೇಲೆ ನಿಜವಾದ ಕಣ್ಣೀರಿತ್ತು. ಝುವಾಲಿಗೆ ಪ್ರಾಣ ಹೋಗುವುದೊಂದು ಬಾಕಿ. ನಿಜ ಹೇಳಿಬಿಡಲೆಂದು ಅಂಬೆಗಾಲಿಟ್ಟು ಅವರ ಪಕ್ಕಕ್ಕೆ ಹೋದಳು. ಪಿ ಡೆಂಗ್‌ಖುಮಿ ಕಣ್ಣು ತೆರೆದು ಅವಳ ಒದ್ದೆ ಮುಖ, ನಡುಗುವ ಭುಜ ಎರಡನ್ನೂ ನೋಡಿದರು. ಅವರ ಮುಖ ಮೊದಲ ಬಾರಿಗೆ ಮೆತ್ತಗಾಯಿತು.

"ಒಳ್ಳೇದು ಮಗಳೇ," ಎಂದು ಪಿಸುಗುಟ್ಟಿದರು. "ಗುರುತಿಲ್ಲದವರಿಗೂ ಅಳೋದು ಕಲಿತೆಯಲ್ಲ. ಇನ್ನು ನಿನ್ನ ಟೋಪಿಗೆ ಮೋಸವಿಲ್ಲ."

ಝುವಾಲಿಯ ನಗು ಅರೆಗಳಿಗೆ ನಿಂತೇಹೋಯಿತು. ಹಾಗಾದರೆ ಸುಮ್ಮನಿದ್ದರೆ ಸಾಕು! ಗೊಂಬೆ ಮಣ್ಣಿಗೆ ಹೋಗಲಿ, ಟೋಪಿ ತಲೆಗೆ ಬರಲಿ. ಗೊಂಬೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಆಗ ನೋಡಿಕೊಳ್ಳೋಣ.

ಆಗ ಪಿ ಙಾಯ್ಹಿ ಕಂಕುಳಲ್ಲೊಂದು ಗಂಟು ಇಟ್ಟುಕೊಂಡು ಬಂದಳು. ಬಿಚ್ಚಿದರೆ ಕಪ್ಪು ಕೆಂಪು ಪಟ್ಟೆಯ ಹಳೆಯ ಪುವಾನ್, ಒಂದು ಸಲವೂ ಉಟ್ಟದ್ದಲ್ಲ.

"ಅಜ್ಜಿ, ಇದು ನಿನ್ನ ಮಣ್ಣಿಗೆ ಅಂತ ಇಟ್ಕೊಂಡಿದ್ದಲ್ವಾ?" ಎಂದಳು ಒಬ್ಬಳು.

"ನಾನು ಸತ್ತರೆ ನೀವೆಲ್ಲ ಇದ್ದೀರಿ. ಇವಳಿಗೆ ಯಾರಿದಾರೆ?" ಎಂದ ಮುದುಕಿ ಅದನ್ನು ಗೊಂಬೆಯ ಮೇಲೆ ಹೊದಿಸಿ, ಕೈಯಿಂದ ತಡಕಾಡಿ ನೆರಿಗೆ ತೀಡಿದಳು. ಕೊನೆಯ ಉಪಚಾರಕ್ಕೆಂದು ಹೊದಿಕೆಯ ಒಳಗೆ ಕೈಹಾಕಿ ಕಣ್ಣು ಮುಚ್ಚಿಸಲು ನೋಡಿದಳು. ಒತ್ತಿದಳು. ಮತ್ತೆ ಒತ್ತಿದಳು.

"ರೆಪ್ಪೆ ಮುಚ್ತಾನೇ ಇಲ್ಲ ಕಣ್ರೇ. ಯಾರನ್ನೋ ಕಾಯ್ತಿದಾಳೆ."

ಆ ಪುವಾನ್ ಮಣ್ಣಿಗೆ ಹೋಗುವುದನ್ನು ಝುವಾಲಿಯಿಂದ ನೋಡಲಾಗಲಿಲ್ಲ. ಎದ್ದು ನಿಂತು ಬಾಯಿಂದ ಶಾಲು ಕಿತ್ತಳು.

"ಅಜ್ಜೀ! ಪಿ ಥಂಗಿ ಸತ್ತಿಲ್ಲ! ಅವರು ಗೊಂ... ಗೊಂ..."

ಗೊಂಬೆ ಎಂಬ ಮಾತು ಮುಗಿಯಲೇ ಇಲ್ಲ. ಕಟ್ಟೆ ಒಡೆಯಿತು. ಝುವಾಲಿ ಹೊಟ್ಟೆ ಹಿಡಿದುಕೊಂಡು, ಡೋಲಿನ ಮೇಲೆ ಬಿದ್ದು, ಅದನ್ನೂ ಧಡಂ ಎನಿಸಿ, ಸಾವಿನ ಸಭೆಯ ನಡುಮಧ್ಯೆ ಊರು ಬೆಚ್ಚುವಂತೆ ನಕ್ಕಳು. ನಗುತ್ತಲೇ ತೆವಳಿ ಹೋಗಿ ಹೊದಿಕೆ ಎಳೆದಳು. ಕೆಂಪು ಕೆನ್ನೆಯ ಪಿ ಥಂಗಿ ಎಂದಿನಂತೆ ಸೂರು ನೋಡುತ್ತಿದ್ದಳು.

ಪಿ ಙಾಯ್ಹಿ ಬಗ್ಗಿ ಗೊಂಬೆಯ ಮುಖವನ್ನೆಲ್ಲ ಬೆರಳಿನಿಂದ ತಡವಿದಳು.

"ಅಯ್ಯ, ಇವಳಿಗೆ ಮೂಗಿನ ಹೊಳ್ಳೆಯೇ ಇಲ್ಲ!" ಎಂದಳು. "ಇನ್ನು ಬದುಕಿದ್ದಾದರೂ ಹೇಗೆ?"

ಬೋಳು ವಸಡು ತೋರಿಸಿ ಮೊದಲು ನಕ್ಕದ್ದು ಅವಳೇ. ಆಮೇಲೆ ಡೋಲಿನವನು, ಆಮೇಲೆ ಹಾಡುವವರು, ಆಮೇಲೆ ಇಡೀ ಊರು. ಸ್ಟ್ರೆಚರ್ ಹೊತ್ತವನು, "ಒಂದು ತುತ್ತೂ ಇಲ್ಲ ಅಂದ್ಳು ನೋಡಿ!" ಎಂದು ಹಣೆ ಚಚ್ಚಿಕೊಂಡ. ಮಣ್ಣು ಮೆತ್ತಿದ ಯುವಕರು ಗುದ್ದಲಿ ಹೊತ್ತು ಬಂದು, "ಮಂಡಿಯಾಳ ಆಗಿದೆ, ಸಾಕೋ ಇನ್ನೂ ಅಗೀಬೇಕೋ?" ಎಂದು ಕೇಳಿದಾಗ ಜನ ಕಂಬ ಕಂಬ ಹಿಡಿದುಕೊಂಡರು. ಪು ಲಿಯಾನ್‌ಖಾಮ ಮತ್ತೆ ದಿಬ್ಬ ಹತ್ತಬೇಕಾಯಿತು. "ಕೇಳ್ರಪ್ಪಾ, ಕೇಳ್ರಮ್ಮಾ! ಸತ್ತವರು ಸತ್ತಿಲ್ಲ. ಹುಟ್ಟಿಯೂ ಇರಲಿಲ್ಲವಂತೆ. ಚಹಾ ಕಾಸಿದ್ದು ಆಗಿದೆ, ಬಂದು ಕುಡೀರಿ!"

ನಗದವರು ಒಬ್ಬರೇ. ಪಿ ಡೆಂಗ್‌ಖುಮಿ ಎದ್ದು, ಟೋಪಿ ಸರಿಮಾಡಿಕೊಂಡು, "ಎಲ್ಲ ಸೇರಿದೀರಿ, ಪಾಠ ಶುರು ಮಾಡೋಣ," ಎಂದರು. ಆರೋಗ್ಯದ ಪಾಠಕ್ಕೆ ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. "ಸಾಂಗ್‌ಝುವಾಲಿ, ಬಾ."

ಝುವಾಲಿ ಗೊಂಬೆಯ ಮುಂದೆ ನಿಂತಳು. "ನಮಸ್ಕಾರ ಪಿ ಥಂಗಿ. ನಾನು ಸಾಂಗ್‌ಝುವಾಲಿ. ನಿಮ್ಮ ಮಗ್ಗುಲು ಬದಲಿಸಲಾ?" ಎಂದು ತಲೆ ಬಗ್ಗಿಸಿದಳು. ವಿಚಿತ್ರವೆಂದರೆ, ಈ ಸಲ ನಗು ಬರಲಿಲ್ಲ. ಊರಿಗೆ ಊರೇ ಆ ಮೈಗೆ ಬಟ್ಟೆ ಹೊದಿಸಿದ್ದನ್ನು ಅವಳು ಆಗತಾನೇ ಕಂಡಿದ್ದಳು.

ಹೊರಡುವಾಗ ಎಲ್ಲರೂ ತಂತಮ್ಮ ಪುವಾನ್ ತೆಗೆದುಕೊಂಡರು. ಪಿ ಙಾಯ್ಹಿ ಮಾತ್ರ ಬೇಡವೆಂದಳು. "ಕೊಟ್ಟಿದ್ದು ಕೊಟ್ಟೆ. ಅವಳಿಗೂ ಒಂದು ಒಳ್ಳೇ ಬಟ್ಟೆ ಇರಲಿ. ಬಿಳಿ ಹೊದಿಕೇಲಿ ಹೆಣದ ಹಾಗೆ ಕಾಣ್ತಾಳೆ."

ವಾಪಸ್ ದಾರಿಯಲ್ಲಿ ಯುವಕರು ಗೊಂಬೆ ಹೊತ್ತು ಮುಂದೆ ನಡೆದರು. ಮೋಯಿ ಅವರ ಜೊತೆ ಜಾರಿಕೊಂಡಳು. ಝುವಾಲಿ ತಲೆ ತಗ್ಗಿಸಿ ಪಿ ಡೆಂಗ್‌ಖುಮಿಯ ಹಿಂದೆ ಹೆಜ್ಜೆ ಹಾಕಿದಳು. ಇಳಿಜಾರಿನ ಒಂದು ಕಲ್ಲಿನ ಬಳಿ ಅವರು ನಿಂತರು.

"ಬಾಯಿ ಮುಚ್ಕೊಂಡಿದ್ರೆ ಟೋಪಿ ಸಿಗ್ತಿತ್ತು. ನಾನೇ ಹೇಳಿದ್ದೆ."

"ಹೌದು, ಪಿ."

"ಮತ್ತೆ?"

"ಆ ಅಜ್ಜಿ ಬಟ್ಟೆ ಮಣ್ಣುಪಾಲಾಗ್ತಿತ್ತಲ್ಲ."

ಪಿ ಡೆಂಗ್‌ಖುಮಿ ಕೋಲಿನ ತುದಿಯಿಂದ ಮಣ್ಣು ಕೆದಕಿದರು. "ನಾನು ರಬ್ಬರಿಗೆ ಮಂಡಿಯೂರಿ ಪ್ರಾರ್ಥನೆ ಮಾಡ್ದೆ. ಇವಳ ನೋವೆಲ್ಲ ನಿನಗೆ ಗೊತ್ತು ಅಂದೆ."

ಝುವಾಲಿಗೆ ಹೇಳಬಾರದೆಂದು ಗೊತ್ತಿತ್ತು. ಆದರೂ ಹೇಳಿದಳು. "ಅದರಲ್ಲಿ ತಪ್ಪೇನಿಲ್ಲ, ಪಿ. ಇಷ್ಟು ವರ್ಷ ನಾವೆಲ್ಲ ಚುಚ್ಚಿದ ಸೂಜಿ ನೆನೆಸ್ಕೊಂಡ್ರೆ..."

ಪಿ ಡೆಂಗ್‌ಖುಮಿಯ ಗಂಟಲಿನಿಂದ ಕುಕ್ಕರಿನ ಸೀಟಿಯಂಥ ಒಂದು ಸದ್ದು ಹೊರಟಿತು. ಅವರು ಕಲ್ಲಿನ ಮೇಲೆ ಕುಸಿದು ಕೂತರು. ಟೋಪಿ ಕಿವಿಗೆ ಜಾರಿತು. ಕಣ್ಣೊರೆಸಿಕೊಂಡಷ್ಟೂ ನೀರು ಬಂತು.

"ನಕ್ಕಿದ್ದಕ್ಕೆ ಶಿಕ್ಷೆ ಕೊಟ್ರೆ ಈಗ ನನ್ನ ಟೋಪಿನೂ ಹೋಗ್ಬೇಕು," ಎಂದರು ಕೊನೆಗೆ. "ಆದ್ರೆ ಮುಖ ಮುಚ್ಚಿದ್ದು ಮುಚ್ಚಿದ್ದೇ. ಅದಕ್ಕೆ ಬಿಡೋದಿಲ್ಲ. ಓದು ಮುಗಿದ ಮೇಲೆ ಝೋಪಾರ್‌ಗೆ ನರ್ಸಾಗಿ ನೀನೇ ಹೋಗ್ಬೇಕು. ಆ ಮುದುಕಿ ಕಣ್ಣಿನ ಪೊರೆ ತೆಗೆಸೋದು ನಿನ್ನ ಜವಾಬ್ದಾರಿ."

ಭಾನುವಾರ ಚರ್ಚು ತುಂಬಿತ್ತು. ಮುಂದಿನ ಸಾಲಿನಲ್ಲಿ, ಗಾಲಿ ಕುರ್ಚಿಯ ಮೇಲೆ, ಕಪ್ಪು ಕೆಂಪು ಪುವಾನ್ ಉಟ್ಟು ಪಿ ಥಂಗಿ ಕೂತಿದ್ದಳು. ಝೋಪಾರ್‌ನವರೂ ಬಂದಿದ್ದರು. ಝುವಾಲಿ ದೀಪ ಹಿಡಿದು ಮಂಡಿಯೂರಿದಳು. ಪಿ ಡೆಂಗ್‌ಖುಮಿ ಬಿಳಿ ಟೋಪಿಯನ್ನು ಅವಳ ತಲೆಗಿಟ್ಟು ಪಿನ್ನು ಕೈಗೆತ್ತಿಕೊಂಡರು. ಪ್ರಾರ್ಥನೆ ಶುರುವಾಯಿತು. ಎಲ್ಲ ಕಣ್ಣುಗಳೂ ಮುಚ್ಚಿದವು. ಸೂಜಿ ಬಿದ್ದರೆ ಕೇಳುವಷ್ಟು ಮೌನ.

ಆ ಮೌನದಲ್ಲಿ ಎರಡನೆಯ ಸಾಲಿನಿಂದ ಪಿ ಙಾಯ್ಹಿಯ ದನಿ ಗಟ್ಟಿಯಾಗಿ ಕೇಳಿಸಿತು.

"ಯಾರಮ್ಮಾ ನೀನು, ನನ್ನ ತೊಡೆ ಯಾಕೆ ಚಿವುಟ್ತೀಯಾ?"

ಪಕ್ಕದಲ್ಲಿ ಕೂತಿದ್ದವಳು ಯಾರೆಂದು ಝುವಾಲಿ ಕಣ್ಣು ತೆರೆದು ನೋಡಬೇಕಾಗಿರಲಿಲ್ಲ. ತುಟಿ ಕಚ್ಚಿದಳು, ದೀಪ ಬಿಗಿಯಾಗಿ ಹಿಡಿದಳು, ಜ್ವಾಲೆ ಅಲುಗದಂತೆ ಉಸಿರು ಕಟ್ಟಿದಳು. ಈ ಒಂದು ಸಲ ಗೆದ್ದೇಬಿಡುತ್ತಿದ್ದಳೋ ಏನೋ. ಆದರೆ ತಲೆಯ ಮೇಲೆ ಪಿನ್ನು ಚುಚ್ಚುತ್ತಿದ್ದ ಪಿ ಡೆಂಗ್‌ಖುಮಿಯ ಕೈ ಗಡಗಡ ನಡುಗತೊಡಗಿತ್ತು.